ಮನೆ ತೋಟದ ಹಕ್ಕಿ ನೋಡಲು ಯಾವುದು ಸರಿ: 8 ಪಟ್ಟೋ 10 ಪಟ್ಟೋ, ಕಾಳೋ ನೀರೋ, ಆ್ಯಪೋ ಪುಸ್ತಕವೋ?

ಏನನ್ನಾದರೂ ಕೊಳ್ಳುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನೀವು ಸಾಮಾನ್ಯವಾಗಿ ಹಕ್ಕಿ ನೋಡುವ ಜಾಗ ಒಂದು ಇರುತ್ತದಲ್ವಾ, ಅಡುಗೆಮನೆಯ ಕಿಟಕಿಯೋ ಹಿತ್ತಲ ಬಾಗಿಲೋ, ಅಲ್ಲಿಂದ ತೋಟದ ಕೊನೆಯ ಗಿಡದವರೆಗೆ ಹೆಜ್ಜೆ ಹಾಕಿ ಅಳೆಯಿರಿ. ಬಹಳಷ್ಟು ಮನೆಗಳಲ್ಲಿ ಇದು 5ರಿಂದ 20 ಮೀಟರ್ ಒಳಗೇ ಮುಗಿಯುತ್ತದೆ. ಬಾಲ್ಕನಿ ಆದರೆ 2 ಮೀಟರ್ ಇದ್ದರೆ ಹೆಚ್ಚು. ಈ ಅಳತೆ ಕೈಯಲ್ಲಿದ್ದರೆ ಮುಂದಿನ ಆಯ್ಕೆಗಳು ಎಷ್ಟೋ ಸುಲಭ.

ಯಾಕೆ ಅಂದರೆ, ಹಕ್ಕಿ ನೋಡುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕಾಡಿಗೋ ಕೆರೆಗೋ ಹೋಗುವವರಿಗೆ ಹೇಳಿದವು. ಕೆರೆಯಲ್ಲಿ ಬಾತು 200 ಮೀಟರ್ ಆಚೆ ತೇಲುತ್ತಿರುತ್ತದೆ, ಸುಮಾರು ಹೊತ್ತು ಅಲ್ಲೇ ಇರುತ್ತದೆ. ಅಲ್ಲಿ ದೂರವನ್ನು ಹತ್ತಿರ ಎಳೆಯುವ ಶಕ್ತಿ ಬೇಕು. ತೋಟದ ಕಷ್ಟವೇ ಬೇರೆ. ಸೂರಕ್ಕಿ 4 ಮೀಟರ್ ದೂರದ ದಾಸವಾಳದಲ್ಲೇ ಇದೆ, ಬರಿಗಣ್ಣಿಗೂ ಕಾಣುತ್ತಿದೆ, ಆದರೆ ಒಂದು ಕಡೆ ಕೂರುವುದಿಲ್ಲ, ಈ ಹೂವಿನಿಂದ ಆ ಹೂವಿಗೆ ಹಾರಿ, ಎಲೆಯ ಹಿಂದೆ ಸೇರಿ, ನಾವು ಬೈನಾಕ್ಯುಲರ್ ಎತ್ತಿ ಫೋಕಸ್ ಮಾಡುವಷ್ಟರಲ್ಲಿ ಪಕ್ಕದ ಮನೆಯ ಕಾಂಪೌಂಡ್ ದಾಟಿರುತ್ತದೆ. ಹತ್ತಿರ ಇದೆ, ಚುರುಕಾಗಿದೆ, ನೆರಳಲ್ಲಿದೆ. ಈ ಮೂರನ್ನು ನೆನಪಿಟ್ಟುಕೊಂಡು ಆರಿಸಿದರೆ ಸಾಕು.

ಬೈನಾಕ್ಯುಲರ್: 8 ಪಟ್ಟೇ ತೆಗೆದುಕೊಳ್ಳಿ

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಅಂಗಡಿಯಲ್ಲಿ 8 ಪಟ್ಟಿನದು, 10 ಪಟ್ಟಿನದು ಎರಡನ್ನೂ ಕೈಗೆ ತೆಗೆದುಕೊಂಡಾಗ ಎಲ್ಲರಿಗೂ 10 ಪಟ್ಟಿನದೇ ಇಷ್ಟವಾಗುತ್ತದೆ, ಜಾಸ್ತಿ ಅಂದರೆ ಒಳ್ಳೆಯದು ಅಲ್ವಾ ಅನ್ನಿಸುತ್ತದೆ. ತೋಟಕ್ಕೆ ಹಾಗಲ್ಲ.

ಲೆಕ್ಕ ನೋಡಿ. 10 ಮೀಟರ್ ದೂರದ ಹಕ್ಕಿ 8 ಪಟ್ಟಿನಲ್ಲಿ ಒಂದೂಕಾಲು ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ, 10 ಪಟ್ಟಿನಲ್ಲಿ ಒಂದು ಮೀಟರ್. ಸಿಕ್ಕ ಲಾಭ ಇಷ್ಟೇ. ಕಳೆದುಕೊಳ್ಳುವುದು ಮಾತ್ರ ಬಹಳ. ಒಳ್ಳೆಯ 8×42ರಲ್ಲಿ 1000 ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ನೋಟ ಸಿಗುತ್ತದೆ, ಅಂದರೆ 5 ಮೀಟರ್ ದೂರದ ಗಿಡದಲ್ಲಿ ಸುಮಾರು 65 ಸೆಂಟಿಮೀಟರ್ ಅಗಲದ ಜಾಗ ಒಟ್ಟಿಗೆ ಕಾಣುತ್ತದೆ. 10 ಪಟ್ಟಿನಲ್ಲಿ ಈ ಅಗಲ ಕಡಿಮೆ. ಎಲೆಗಳ ನಡುವೆ ಹಾರಾಡುವ ಪುಟ್ಟ ಹಕ್ಕಿಯನ್ನು ಹುಡುಕಬೇಕಾದಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಜೊತೆಗೆ ಕೈ ನಡುಗಿದರೆ 10 ಪಟ್ಟಿನಲ್ಲಿ ಆ ನಡುಕವೂ ದೊಡ್ಡದಾಗುತ್ತದೆ, ಮತ್ತು ಹಕ್ಕಿ ಮುಂದಿನ ಕೊಂಬೆಯಿಂದ ಹಿಂದಿನ ಕೊಂಬೆಗೆ ಹೋದರೆ ಫೋಕಸ್ ಚಕ್ರವನ್ನು ಜಾಸ್ತಿ ತಿರುಗಿಸಬೇಕಾಗುತ್ತದೆ.

ಬೆಳಕಿನ ವಿಷಯ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 8×42ಕ್ಕೆ 5.25 ಬರುತ್ತದೆ, 8×32ಕ್ಕೆ 4, 10×42ಕ್ಕೆ 4.2, ಜೇಬಿನಲ್ಲಿ ಹಿಡಿಯುವ 10×25ಕ್ಕೆ 2.5. ಇದು ಕಣ್ಣಿನ ಹತ್ತಿರ ಬಂದು ಬೀಳುವ ಬೆಳಕಿನ ವೃತ್ತದ ಅಗಲ, ಮಿಲಿಮೀಟರ್‌ನಲ್ಲಿ. ಹಗಲಿನ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಅಷ್ಟು ತೆರೆದಿರುವುದೇ ಇಲ್ಲ, ಹಾಗಾಗಿ 2.5 ಕೂಡ ನಡೆಯುತ್ತದೆ. ಆದರೆ ತೋಟದಲ್ಲಿ ಹಕ್ಕಿಗಳ ಓಡಾಟ ಜೋರಾಗಿರುವುದು ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ಮತ್ತು ಸಂಜೆ ಮುಳುಗುವ ಮುಂಚೆ. ಆಗ ಮರದ ಕೆಳಗೆ ಬೆಳಕು ಕಡಿಮೆ. ಅಲ್ಲಿ 4ಕ್ಕಿಂತ ಕಡಿಮೆ ಇದ್ದರೆ ಎಲ್ಲ ಹಕ್ಕಿಯೂ ಬೂದು ಬಣ್ಣದ್ದೇ.

ನನ್ನನ್ನು ಕೇಳಿದರೆ 8×32 ಅಥವಾ 8×42. ಎರಡರ ನಡುವೆ ಆರಿಸುವುದು ತೂಕದ ಮೇಲೆ. 42ರದ್ದು ಸಾಮಾನ್ಯವಾಗಿ 600ರಿಂದ 750 ಗ್ರಾಂ ತೂಗುತ್ತದೆ, 32ರದ್ದು 500ರ ಆಸುಪಾಸು. ಮಕ್ಕಳೂ ಬಳಸುತ್ತಾರೆ, ಕತ್ತು ನೋವಿದೆ ಅನ್ನುವವರಿಗೆ 32 ಸರಿ. ಕಿಟಕಿ ಕಟ್ಟೆಗೆ ಮೊಣಕೈ ಊರಿ ನೋಡುವ ಅಭ್ಯಾಸ ಇದ್ದರೆ 42ರ ತೂಕ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಸಂಖ್ಯೆ ಇದೆ, ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ತೋಟಕ್ಕೆ ಅದೇ ಎಲ್ಲಕ್ಕಿಂತ ಮುಖ್ಯ: ಎಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ ಅನ್ನುವುದು. ಎರಡು ಕೊಳವೆ ನೇರವಾಗಿರುವ, ರೂಫ್ ಪ್ರಿಸಂ ಅನ್ನುವ ಮಾದರಿಗಳಲ್ಲಿ ಒಳ್ಳೆಯವು 2 ಮೀಟರ್‌ವರೆಗೆ ಬರುತ್ತವೆ. ಹಳೇ ಕಾಲದ ಹಾಗೆ ಮುಂದೆ ಅಗಲ, ಹಿಂದೆ ಕಿರಿದಾಗಿ ಮೆಟ್ಟಿಲಿನಂತೆ ಇರುವ ಪೋರೋ ಮಾದರಿಗಳು ಅದೇ ದುಡ್ಡಿಗೆ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ, ಇದು ನಿಜ, ಆದರೆ ಅವುಗಳಲ್ಲಿ ಸುಮಾರು ಮಾದರಿಗಳಿಗೆ 4 ಅಥವಾ 5 ಮೀಟರ್‌ಗಿಂತ ಹತ್ತಿರದ್ದು ಮಸುಕು. ತೋಟ 15 ಮೀಟರ್ ಇದ್ದು ದುಡ್ಡು ಕಡಿಮೆ ಅಂದರೆ ಪೋರೋ ತೆಗೆದುಕೊಳ್ಳಿ, ಯಾವ ಬೇಸರವೂ ಬೇಡ. ಕಿಟಕಿಯ ಎದುರೇ ಗಿಡ ಇದ್ದರೆ ರೂಫ್ ಪ್ರಿಸಂ. ಪೆಂಟಾಕ್ಸ್‌ನವರ ಪಪಿಲಿಯೊ ಅಂತ ಒಂದಿದೆ, ಅರ್ಧ ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, ಹಕ್ಕಿ ಜೊತೆ ಚಿಟ್ಟೆ, ಜೇಡ, ಹೂವು ಎಲ್ಲ ನೋಡುವವರಿಗೆ ಖುಷಿ ಕೊಡುವ ವಸ್ತು, ಆದರೆ ಮುಂದಿನ ಗಾಜು 21 ಮಿಲಿಮೀಟರ್ ಮಾತ್ರ, ಹಾಗಾಗಿ ಮಬ್ಬು ಬೆಳಕಿನಲ್ಲಿ ಹಿಂದೆ ಬೀಳುತ್ತದೆ.

10ರಿಂದ 30 ಪಟ್ಟು ಜೂಮ್ ಆಗುತ್ತದೆ ಅನ್ನುವ ಬೈನಾಕ್ಯುಲರ್ ಬೇಡವೇ ಬೇಡ. ನೋಟ ಕಿರಿದು, ಬೆಳಕು ಕಡಿಮೆ, ನಡುಕ ವಿಪರೀತ.

ಕನ್ನಡಕ ಹಾಕುವವರು ಕಣ್ಣಿನಿಂದ ಗಾಜಿಗೆ ಇರಬೇಕಾದ ದೂರ ಎಷ್ಟು ಅಂತ ಕೇಳಿ, ಐ ರಿಲೀಫ್ ಅನ್ನುತ್ತಾರೆ. 15 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ನೋಟದ ಅಂಚು ಕಾಣುವುದಿಲ್ಲ. ಕೊಳ್ಳುವಾಗ 2-3 ಮೀಟರ್ ದೂರದ ಅಕ್ಷರ ಓದಿ ನೋಡಿ. ಆಕಾಶದ ಎದುರಿನ ಕರೆಂಟ್ ತಂತಿ ನೋಡಿ, ಅಂಚಿನಲ್ಲಿ ನೇರಳೆ ಹಸಿರು ಗೆರೆ ಜೋರಾಗಿ ಕಂಡರೆ ಗಾಜು ಸಾಧಾರಣ. ಕೈ ಚಾಚಿ ಹಿಡಿದು ಕಣ್ಣಿಡುವ ಕಡೆಯ ಬೆಳಕಿನ ವೃತ್ತ ನೋಡಿ, ಅದು ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಚೌಕವಾಗಿದ್ದರೆ ಒಳಗಿನ ಪ್ರಿಸಂ ಕಡಿಮೆ ದರ್ಜೆಯದು. ನಾಲ್ಕೈದು ನಿಮಿಷ ನೋಡಿದ ಮೇಲೆ ತಲೆ ಭಾರ ಅನ್ನಿಸಿದರೆ ಎರಡು ಕೊಳವೆ ಒಂದೇ ದಿಕ್ಕಿಗೆ ಹೊಂದಿಕೊಂಡಿಲ್ಲ ಅಂತ ಅನುಮಾನಿಸಿ, ಅದನ್ನು ಬಿಟ್ಟು ಬೇರೆ ನೋಡಿ.

ಮನೆಗೆ ತಂದ ಮೇಲೆ ಒಂದು ಹೊಂದಾಣಿಕೆ ಇದೆ, ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರದ ಉಂಗುರ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿ. ಅಷ್ಟೇ, ಮುಂದೆ ನಡುವಿನ ಚಕ್ರವೊಂದೇ ಸಾಕು. ಸೂರ್ಯನ ಕಡೆ ಮಾತ್ರ ತಿರುಗಿಸಲೇಬೇಡಿ, ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲೇ ಹೇಳಿ.

ಕ್ಯಾಮೆರಾ ಮೊದಲು ಕೊಳ್ಳಬಹುದಾ?

ಕೊಳ್ಳಬಹುದು, ಆದರೆ ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ಬೈನಾಕ್ಯುಲರ್ ಅನ್ನುತ್ತೇನೆ. ಕ್ಯಾಮೆರಾ ಹಿಡಿದಾಗ ಗಮನ ಚಿತ್ರದ ಮೇಲೆ ಹೋಗುತ್ತದೆ, ಹಕ್ಕಿ ಏನು ಮಾಡುತ್ತಿತ್ತು, ಬಾಲ ಹೇಗೆ ಆಡಿಸಿತು, ಯಾವ ದನಿ ಹೊರಡಿಸಿತು ಅನ್ನುವುದು ತಪ್ಪಿಹೋಗುತ್ತದೆ. ಗುರುತಿಸಲು ಕಲಿಯುವ ಮೊದಲ ತಿಂಗಳುಗಳಲ್ಲಿ ಆ ನಡವಳಿಕೆಯೇ ಬೇಕಾಗಿರುವುದು. ಕ್ಯಾಮೆರಾದ ಒಂದು ದೊಡ್ಡ ಉಪಯೋಗ ಅಂದರೆ ಸಾಕ್ಷಿ ಉಳಿಯುತ್ತದೆ: ಮಸುಕಾದ, ಅರ್ಧ ಎಲೆ ಮುಚ್ಚಿದ ಚಿತ್ರ ಇದ್ದರೂ ಗೊತ್ತಿರುವವರು ಹೆಸರು ಹೇಳಬಲ್ಲರು. ಬೈನಾಕ್ಯುಲರ್ ಸ್ಥಿರವಾಗಿ ಹಿಡಿಯಲು ಆಗದವರಿಗೆ, ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಿದರೇ ಅನುಕೂಲ ಅನ್ನುವ ಹಿರಿಯರಿಗೆ ಉದ್ದ ಜೂಮ್ ಇರುವ ಕ್ಯಾಮೆರಾವೇ ಮೊದಲ ಆಯ್ಕೆ ಆಗಬಹುದು. ಫೋನ್ ಒಂದೇ ಆದರೆ ಕಷ್ಟ. ಕೂತ ಹಕ್ಕಿಗೆ ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಫೋನ್ ಲೆನ್ಸ್ ಒತ್ತಿ ಹಿಡಿದು ತೆಗೆದರೆ ಗುರುತಿಸುವಷ್ಟು ಚಿತ್ರ ಬರುತ್ತದೆ.

ಕಾಳು, ಹಣ್ಣು, ನೀರು, ಗಿಡ: ಯಾವುದು ಇಟ್ಟರೆ ಯಾರು ಬರುತ್ತಾರೆ

ಹಕ್ಕಿ ಬರಲಿ ಅಂತ ಮೊದಲು ಮಾಡುವುದು ಒಂದು ಹಿಡಿ ಕಾಳು ಹಾಕುವುದು. ಅದರಲ್ಲಿ ಪ್ರೀತಿ ಇದೆ, ಆದರೆ ಕಾಳು ತಿನ್ನುವ ಹಕ್ಕಿಗಳಷ್ಟೇ ಬರುತ್ತವೆ. ಗುಬ್ಬಚ್ಚಿ, ರಾಟವಾಳ, ಬೆಳವ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪಾರಿವಾಳ. ತೋಟದಲ್ಲಿ ನಾವು ನೋಡಲು ಹಾತೊರೆಯುವ ಸೂರಕ್ಕಿ, ಸಿಂಪಿಗ, ಮಡಿವಾಳ, ಪಿಕಳಾರ, ಬೆಳ್ಗಣ್ಣ, ಇವು ಯಾವುವೂ ಕಾಳಿಗೆ ಬರುವ ಹಕ್ಕಿಗಳಲ್ಲ. ಹುಳ, ಹಣ್ಣು, ಮಕರಂದ ಇವುಗಳ ಊಟ. ಆದರೆ ಇವುಗಳಿಗೆಲ್ಲ ನೀರು ಬೇಕು, ಕಾಳು ತಿನ್ನುವವಕ್ಕೂ ಬೇಕು. ಅದಕ್ಕೇ ಒಂದೇ ಒಂದನ್ನು ಆರಿಸಿ ಅಂದರೆ ನಾನು ಹಿಂದೆ ಮುಂದೆ ನೋಡದೆ ನೀರು ಅನ್ನುತ್ತೇನೆ.

ನೀರಿನ ತಟ್ಟೆಗೆ ದೊಡ್ಡ ಖರ್ಚಿಲ್ಲ. ಅಗಲವಾದ ಮಣ್ಣಿನ ತಟ್ಟೆ ಅಥವಾ ಕುಂಡದ ಕೆಳಗಿಡುವ ತಟ್ಟೆ ಸಾಕು. ಆಳ 2ರಿಂದ 5 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಬೇಡ, ಸಣ್ಣ ಹಕ್ಕಿ ಕಾಲೂರಲು ಆಗಬೇಕು. ತಳ ಒರಟಾಗಿರಲಿ. ನುಣುಪಾದ ಪ್ಲಾಸ್ಟಿಕ್ ಅಥವಾ ಸ್ಟೀಲ್ ತಟ್ಟೆಯಲ್ಲಿ ಕಾಲು ಜಾರುತ್ತದೆ, ಬಿಸಿಲಿಗೆ ಸ್ಟೀಲ್ ಸುಡುತ್ತದೆ ಕೂಡ. ಅಂಥದ್ದೇ ಇದ್ದರೆ ನಡುವೆ ಒಂದು ಚಪ್ಪಟೆ ಕಲ್ಲು ಇಡಿ. ನೆರಳಿನಲ್ಲಿಡಿ. ಪೊದೆಯಿಂದ ಎರಡು ಮೂರು ಮೀಟರ್ ದೂರ ಇದ್ದರೆ ಒಳ್ಳೆಯದು, ಬೆಕ್ಕು ಪೊದೆಯೊಳಗೆ ಅಡಗಿ ಕೂತು ಹಾರಲು ಆಗಬಾರದು, ಹಾಗೆಯೇ ಗಿಡುಗ ಬಂದರೆ ಹಕ್ಕಿಗೆ ಓಡಿಹೋಗಿ ಸೇರಲು ಆ ಪೊದೆ ಸಿಗಬೇಕು.

ಇದರಲ್ಲಿ ಕೆಲಸ ಅಂದರೆ ತೊಳೆಯುವುದು. ನೀರನ್ನು ದಿನಾ ಬದಲಿಸಿ, ಎರಡು ಮೂರು ದಿನಕ್ಕೊಮ್ಮೆ ನಾರಿನಿಂದ ತಿಕ್ಕಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನ ಬೇಕು, ಅಷ್ಟರೊಳಗೆ ನೀರು ಚೆಲ್ಲಿದರೆ ಸೊಳ್ಳೆಯ ಪ್ರಶ್ನೆಯೇ ಇಲ್ಲ. ಇದಕ್ಕೆ ಪುರುಸೊತ್ತು ಇಲ್ಲ ಅನ್ನುವವರು ನೀರು ಇಡಲೇಬೇಡಿ, ಕೊಳೆತ ನೀರು ಹಕ್ಕಿಯಿಂದ ಹಕ್ಕಿಗೆ ರೋಗ ದಾಟಿಸುತ್ತದೆ. ನೋಡುವವರಿಗೆ ನೀರಿನ ಇನ್ನೊಂದು ಅನುಕೂಲ ಹೇಳಬೇಕು: ಮೀಯಲು ಬಂದ ಹಕ್ಕಿ ಬಯಲಲ್ಲಿರುತ್ತದೆ, ಒಂದು ನಿಮಿಷವಾದರೂ ನಿಲ್ಲುತ್ತದೆ, ರೆಕ್ಕೆ ಬಾಲ ಎಲ್ಲ ಬಿಚ್ಚುತ್ತದೆ. ಎಲೆ ಮರೆಯಲ್ಲಿ ವಾರಗಟ್ಟಲೆ ಕಾಣದ ಗುರುತುಗಳು ಅಲ್ಲಿ ಒಂದೇ ಸಲಕ್ಕೆ ಕಾಣುತ್ತವೆ. ಬೇಸಿಗೆಯ ಮಧ್ಯಾಹ್ನ ತೋಟ ಖಾಲಿ ಇದ್ದರೂ ತಟ್ಟೆಯ ಹತ್ತಿರ ಯಾರಾದರೂ ಬಂದೇ ಬರುತ್ತಾರೆ.

ಕಾಳೇ ಹಾಕುತ್ತೇನೆ ಅನ್ನುವವರಿಗೆ: ಸಜ್ಜೆ, ನವಣೆ, ಅಕ್ಕಿ ನುಚ್ಚು ಥರದ ಸಣ್ಣ ಕಾಳು ಹಾಕಿ, ಒಂದೆರಡು ಗಂಟೆಯಲ್ಲಿ ಖಾಲಿ ಆಗುವಷ್ಟೇ ಹಾಕಿ. ನೆಲಕ್ಕೆ ಚೆಲ್ಲಿದರೆ ಪಾರಿವಾಳ, ಇಲಿ ಎರಡೂ ಬರುತ್ತವೆ. ನೇತುಹಾಕುವ, ಕೂರಲು ಚಿಕ್ಕ ಕಡ್ಡಿ ಮಾತ್ರ ಇರುವ ಕೊಳವೆಯಲ್ಲಿ ಗುಬ್ಬಿ ರಾಟವಾಳಗಳು ಆರಾಮಾಗಿ ತಿನ್ನುತ್ತವೆ, ಪಾರಿವಾಳಕ್ಕೆ ಕೂರಲು ಜಾಗ ಸಾಲುವುದಿಲ್ಲ. ಬ್ರೆಡ್ಡು, ಉಪ್ಪು ಹಾಕಿದ್ದು, ಕರಿದದ್ದು ಹಾಕಬೇಡಿ. ಮೈ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಮಂಕಾಗಿ ಕೂತ ಹಕ್ಕಿ ಕಂಡರೆ ಕೆಲವು ವಾರ ಕಾಳು ಹಾಕುವುದನ್ನು ನಿಲ್ಲಿಸಿ, ತಟ್ಟೆ ಕೊಳವೆ ಎಲ್ಲ ತೊಳೆದು ಒಣಗಿಸಿ. ಒಂದೇ ಕಡೆ ಗುಂಪು ಸೇರಿದಾಗಲೇ ರೋಗ ಬೇಗ ಹರಡುವುದು.

ಹಣ್ಣು ನಡುವಿನ ದಾರಿ. ಅರ್ಧ ಪಪ್ಪಾಯಿ, ಬಾಳೆಹಣ್ಣು ಕೊಂಬೆಗೆ ಸಿಕ್ಕಿಸಿದರೆ ಪಿಕಳಾರ, ಕೋಗಿಲೆ, ಕುಟ್ರು ಬರುತ್ತವೆ. ಸಂಜೆಗೆ ಉಳಿದದ್ದನ್ನು ತೆಗೆದುಬಿಡಿ. ಸಕ್ಕರೆ ನೀರು ಬೇಡ. ಬೇಗ ಹುಳಿಯುತ್ತದೆ, ಮತ್ತು ಸೂರಕ್ಕಿಗೆ ಹೂವೇ ಸಾಕು.

ಗಿಡ ನೆಡುವುದು ನಿಧಾನ, ಆದರೆ ಅದರಷ್ಟು ಗಟ್ಟಿಯಾದ ದಾರಿ ಇನ್ನೊಂದಿಲ್ಲ. ದಾಸವಾಳ ಕುಂಡದಲ್ಲೂ ಬೆಳೆಯುತ್ತದೆ. ಕರಿಬೇವನ್ನು ಪೂರ್ತಿ ಕತ್ತರಿಸದೆ ಹಣ್ಣು ಬಿಡಲು ಬಿಟ್ಟರೆ ಆ ಕಪ್ಪು ಹಣ್ಣಿಗೆ ಪಿಕಳಾರ, ಕೋಗಿಲೆ ಬರುತ್ತವೆ. ಹಿಪ್ಪುನೇರಳೆ, ಸೀಬೆ, ಜಾಗ ಇದ್ದರೆ ಗಸಗಸೆ ಹಣ್ಣಿನ ಮರ. ಈ ಗಸಗಸೆ ಮರ ಬೇಗ ಬೆಳೆಯುತ್ತದೆ, ವರ್ಷದ ಬಹುಪಾಲು ಹಣ್ಣು ಬಿಡುತ್ತದೆ, ಹಣ್ಣು ತಿನ್ನುವ ಹಕ್ಕಿ ಬೇಕೆಂದರೆ ಇದೊಂದು ಸಾಕು ಅನ್ನುವಷ್ಟು. ಮತ್ತೆ, ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗೆ ಕೊಡುವುದು ಹುಳವನ್ನೇ. ಹುಳ ಇಲ್ಲದ ತೋಟಕ್ಕೆ ಹಕ್ಕಿ ಬಂದು ಹೋಗಬಹುದು, ಮರಿ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ತರಗೆಲೆ ಗುಡಿಸದೆ ಬಿಡಿ, ಹರಟೆಮಲ್ಲಗಳು ಗುಂಪಾಗಿ ಬಂದು ಎಲೆ ಮಗುಚಿ ಹುಳ ಹುಡುಕುವುದನ್ನು ನೋಡುವುದೇ ಒಂದು ಸಂತೋಷ.

ಹಾಗಾದರೆ ಆಯ್ಕೆ ಹೀಗೆ. ಬಾಲ್ಕನಿ ಮಾತ್ರ ಇದ್ದರೆ ನೀರು ಮತ್ತು ಎರಡು ಹೂವಿನ ಕುಂಡ. ಬಾಡಿಗೆ ಮನೆ, ಯಾವಾಗ ಬಿಡುತ್ತೇವೋ ಗೊತ್ತಿಲ್ಲ ಅಂದರೂ ಅದೇ. ಸ್ವಂತ ಹಿತ್ತಲಿದ್ದರೆ ಗಿಡ ಇವತ್ತೇ ನೆಡಿ, ಅದು ಬೆಳೆಯುವವರೆಗೆ ನೀರಿಡಿ. ಬೆಕ್ಕು ಸಾಕಿದ್ದರೆ ನೆಲದ ಮೇಲೆ ಏನನ್ನೂ ಇಡಬೇಡಿ, ಎಲ್ಲ ಎತ್ತರದಲ್ಲಿರಲಿ. ತಟ್ಟೆ, ಕಾಳಿನ ಕೊಳವೆ ಏನೇ ಇಟ್ಟರೂ ಕಿಟಕಿ ಗಾಜಿನಿಂದ ಒಂದು ಮೀಟರ್ ಒಳಗೆ ಇಡಿ, ಇಲ್ಲವೇ 10 ಮೀಟರ್‌ಗಿಂತ ದೂರ ಇಡಿ. ನಡುವೆ ಇಟ್ಟರೆ ಗಾಬರಿಯಲ್ಲಿ ಹಾರಿದ ಹಕ್ಕಿ ಪೂರ್ತಿ ವೇಗದಲ್ಲಿ ಗಾಜಿಗೆ ಬಡಿಯುತ್ತದೆ.

ಬಣ್ಣ ನೋಡಿ ಗುರುತಿಸೋದೋ, ಗಾತ್ರ ನೋಡಿಯೋ?

ಬಣ್ಣ ಕೊನೆಗೆ ನೋಡಿ. ನೆರಳಲ್ಲಿ ಬಣ್ಣ ಬದಲಾಗುತ್ತದೆ, ಗಂಡು ಹೆಣ್ಣಿಗೆ ಬೇರೆ, ಮರಿಗೆ ಇನ್ನೂ ಬೇರೆ. ಗಾತ್ರ, ಕೊಕ್ಕು, ಬಾಲ, ನಡವಳಿಕೆ ಬೇಗ ಬದಲಾಗುವುದಿಲ್ಲ. ಮೂರು ಹಕ್ಕಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ: ಗುಬ್ಬಚ್ಚಿ ಸುಮಾರು 15 ಸೆಂಟಿಮೀಟರ್, ಗೊರವಂಕ 23ರ ಹತ್ತಿರ, ಕಾಗೆ 40ಕ್ಕೂ ಜಾಸ್ತಿ. ಹೊಸ ಹಕ್ಕಿ ಕಂಡ ಕೂಡಲೇ ಯಾವುದಕ್ಕಿಂತ ಚಿಕ್ಕದು, ಯಾವುದಕ್ಕಿಂತ ದೊಡ್ಡದು ಅಂತ ಕೇಳಿಕೊಂಡರೆ ಅರ್ಧ ಪಟ್ಟಿ ಅಲ್ಲೇ ಹೊರಗೆ ಹೋಗುತ್ತದೆ.

ಗೊಂದಲ ಆಗುವುದು ಸಾಮಾನ್ಯವಾಗಿ ಕೆಲವೇ ಜೋಡಿಗಳಲ್ಲಿ. ಪಿಕಳಾರದಲ್ಲಿ ಎರಡು ಬಗೆ ತೋಟಕ್ಕೆ ಬರುತ್ತವೆ, ಎರಡಕ್ಕೂ ಬಾಲದ ಬುಡದ ಅಡಿ ಕೆಂಪು ಇದೆ, ಹಾಗಾಗಿ ಆ ಕೆಂಪು ನೋಡಿ ತೀರ್ಮಾನಿಸಬೇಡಿ. ಕೆಮ್ಮೀಸೆ ಪಿಕಳಾರಕ್ಕೆ ಜುಟ್ಟು ಚೂಪಾಗಿ ನೆಟ್ಟಗೆ ನಿಂತಿರುತ್ತದೆ, ಕೆನ್ನೆ ಬಿಳಿ, ಹೊಟ್ಟೆ ಬಿಳಿ. ಇನ್ನೊಂದು ಮಸಿ ಬಣ್ಣದ್ದು, ಜುಟ್ಟು ಕುಳ್ಳು, ಮೈಮೇಲೆ ಹುರುಪೆಯಂಥ ಗುರುತು. ಹಾರುವಾಗ ಬಾಲಕ್ಕಿಂತ ಮೇಲೆ ಸೊಂಟದಲ್ಲಿ ಬಿಳಿ ಪಟ್ಟೆ ಮಿಂಚಿದರೆ ಅದು ಈ ಮಸಿ ಬಣ್ಣದ್ದೇ. ಕೆಮ್ಮೀಸೆಯ ಮರಿಗೆ ಕೆನ್ನೆಯ ಕೆಂಪು ಚುಕ್ಕೆ ಇರುವುದಿಲ್ಲ, ಬಣ್ಣ ನಂಬಿದವರು ಇಲ್ಲಿ ಎಡವುತ್ತಾರೆ, ಜುಟ್ಟು ನೋಡಿದವರು ಎಡವುವುದಿಲ್ಲ.

ಸೂರಕ್ಕಿಗಳಲ್ಲಿ ಗಂಡು ಸುಲಭ. ಬಿಸಿಲು ಬಿದ್ದಾಗ ಪೂರ್ತಿ ಕಪ್ಪು ನೇರಳೆ ಹೊಳೆದರೆ ನೇರಳೆ ಸೂರಕ್ಕಿ, ಹೊಟ್ಟೆ ಹಳದಿ ಇದ್ದು ಎದೆಗೆ ಅಡ್ಡ ಗಾಢ ಪಟ್ಟೆ ಇದ್ದರೆ ನೇರಳೆ ಬೆನ್ನಿನದು. ಕಷ್ಟ ಇರುವುದು ಹೆಣ್ಣುಗಳಲ್ಲಿ. ಗಂಟಲು ನೋಡಿ. ಗಂಟಲು ಬೂದು ಬಿಳಿ ಇದ್ದು ಹೊಟ್ಟೆ ಮಾತ್ರ ಹಳದಿ ಇದ್ದರೆ ನೇರಳೆ ಬೆನ್ನಿನ ಸೂರಕ್ಕಿ, ಗಂಟಲಿನಿಂದಲೇ ಹಳದಿ ಶುರುವಾದರೆ ನೇರಳೆ ಸೂರಕ್ಕಿ. ಹಳದಿ ಎದೆಯ ನಡುವೆ ಕಪ್ಪು ಗೆರೆಯೊಂದು ಇಳಿದಿದ್ದರೆ ಅದು ಹೆಣ್ಣಲ್ಲ, ಮರಿ ಮಾಡುವ ಕಾಲ ಮುಗಿದು ಸಾದಾ ಉಡುಗೆಗೆ ಬಂದ ಗಂಡು ನೇರಳೆ ಸೂರಕ್ಕಿ. ಇವುಗಳ ನಡುವೆ ಇನ್ನೂ ಚಿಕ್ಕದು, ಸುಮಾರು 8 ಸೆಂಟಿಮೀಟರ್‌ನದು, ಬಣ್ಣವೇ ಇಲ್ಲದ, ಕೊಕ್ಕು ಗಿಡ್ಡ ಇರುವ ಹಕ್ಕಿ ಕಂಡರೆ ಬದನಿಕೆ ಹಕ್ಕಿ. ಮಾವಿನ ಮರದ ಮೇಲೆ ಬದನಿಕೆ ಅನ್ನುವ ಪರಾವಲಂಬಿ ಗಿಡ ಬೆಳೆದಿದ್ದರೆ ಅದರ ಹಣ್ಣಿಗೆ ಖಂಡಿತ ಬರುತ್ತದೆ.

ಪೊದೆಯೊಳಗಿಂದ ಗಾತ್ರಕ್ಕೆ ಮೀರಿದ ಜೋರು ದನಿ ಬಂದು, ಬಾಲ ನೆಟ್ಟಗೆ ಎತ್ತಿದ ಪುಟ್ಟ ಹಕ್ಕಿ ಕಂಡರೆ ಸಿಂಪಿಗ ಅಥವಾ ಉಲಿಯಕ್ಕಿ. ಬೆನ್ನು ಹಸಿರು, ನೆತ್ತಿ ಇಟ್ಟಿಗೆ ಬಣ್ಣ ಆದರೆ ಸಿಂಪಿಗ. ಬೆನ್ನು ಬೂದು, ಹೊಟ್ಟೆ ತಿಳಿ ಕಂದು ಆದರೆ ಉಲಿಯಕ್ಕಿ.

ಕಪ್ಪು ಹಕ್ಕಿಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕತ್ತು ಬೂದು ಇದ್ದರೆ ಊರ ಕಾಗೆ, ಪೂರ್ತಿ ಕಪ್ಪಾಗಿ ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ, ಕಣ್ಣು ಕೆಂಪಗಿದ್ದು ಕೊಕ್ಕು ತಿಳಿ ಹಸಿರಾಗಿದ್ದರೆ ಗಂಡು ಕೋಗಿಲೆ, ಬಾಲ ಕವಲೊಡೆದಿದ್ದರೆ ಕಾಜಾಣ, ರೆಕ್ಕೆ ಇಟ್ಟಿಗೆ ಬಣ್ಣ ಇದ್ದು ನೆಲದಲ್ಲಿ ನಡೆಯುತ್ತಿದ್ದರೆ ಕೆಂಬೂತ. ಮೈತುಂಬ ಬಿಳಿ ಚುಕ್ಕೆ ಇರುವ ಕಂದು ಹಕ್ಕಿ ಹೆಣ್ಣು ಕೋಗಿಲೆ, ಅದನ್ನು ಬೇರೆಯೇ ಜಾತಿ ಅಂದುಕೊಂಡವರು ಬಹಳ ಜನ. ಮಡಿವಾಳದಲ್ಲೂ ಹಾಗೇ, ಗಂಡು ಕಪ್ಪು ಬಿಳಿ, ಹೆಣ್ಣು ಬೂದು ಬಿಳಿ. ಚಿಟ್ಟು ಮಡಿವಾಳ ಅದಕ್ಕಿಂತ ಚಿಕ್ಕದು, ಹೊಟ್ಟೆ ಬಿಳಿ ಇರುವುದಿಲ್ಲ, ಬಾಲದ ಬುಡದಡಿ ಕಂದುಗೆಂಪು.

ಆ್ಯಪ್ ಮತ್ತು ಪುಸ್ತಕ

ಆ್ಯಪ್‌ಗಳಲ್ಲಿ ಮರ್ಲಿನ್ ಮೊದಲು ಹಾಕಿಕೊಳ್ಳಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ್ದು, 2014ರಲ್ಲಿ ಬಂದದ್ದು, ಉಚಿತ. ಎಲ್ಲಿ ಕಂಡಿರಿ, ಯಾವತ್ತು, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು ಅಂತ ಕೇಳಿ ಒಂದು ಚಿಕ್ಕ ಪಟ್ಟಿ ಕೊಡುತ್ತದೆ. ಚಿತ್ರ ಕೊಟ್ಟರೂ ಹೇಳುತ್ತದೆ. 2021ರಿಂದ ದನಿ ಕೇಳಿ ಹೆಸರು ಹೇಳುವುದೂ ಶುರುವಾಗಿದೆ. ನಿಮ್ಮ ಪ್ರದೇಶದ ಮಾಹಿತಿ ಕಟ್ಟನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.

ದನಿ ಗುರುತಿಸುವುದು ನಿಜಕ್ಕೂ ದೊಡ್ಡ ಸಹಾಯ, ಯಾಕೆಂದರೆ ಕೆಲವು ಹಕ್ಕಿಗಳು ದಿನವಿಡೀ ಕೇಳಿಸುತ್ತವೆ, ಕಾಣುವುದಿಲ್ಲ. ಹಸಿರೆಲೆಯ ನಡುವೆ ಹಸಿರು ಮೈಯ ಕುಟ್ರು ಕೂತು ಕೂಗುತ್ತಿದ್ದರೆ ಕತ್ತೆತ್ತಿ ಎಷ್ಟು ಹುಡುಕಿದರೂ ಸಿಗುವುದು ಕಷ್ಟ. ಕಂಚುಗಾರ ಹಕ್ಕಿಯ ಒಂದೇ ಸಮನೆ ಟುಕ್ ಟುಕ್ ಕೂಡ ಹಾಗೇ. ಆದರೆ ಪರದೆಯ ಮೇಲೆ ಹೆಸರು ಮೂಡಿತು ಅಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ. ಕಾಜಾಣ ಗಿಡುಗದ ದನಿ ಅನುಕರಿಸುತ್ತದೆ, ಆಗ ಆ್ಯಪ್ ಗಿಡುಗ ಅನ್ನಬಹುದು. ಆ್ಯಪ್ ಹೇಳಿದ್ದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಕಣ್ಣಿಗೆ ಬಿದ್ದ ಮೇಲೆ ಖಚಿತ ಮಾಡಿ. ಮತ್ತೆ, ಹಕ್ಕಿ ಹತ್ತಿರ ಬರಲಿ ಅಂತ ಫೋನಿನಿಂದ ಅದರದೇ ದನಿ ಕೇಳಿಸಬೇಡಿ. ಬೇರೆ ಗಂಡು ಬಂತು ಅಂತ ಅದು ಗೂಡು ಮರಿ ಬಿಟ್ಟು ಜಗಳಕ್ಕೆ ಹುಡುಕಾಡುತ್ತದೆ.

ಹಾಗಿದ್ದ ಮೇಲೆ ಪುಸ್ತಕ ಯಾಕೆ? ಆ್ಯಪ್ ಉತ್ತರ ಕೊಡುತ್ತದೆ, ಪುಸ್ತಕ ಕಲಿಸುತ್ತದೆ. ಪುಸ್ತಕದ ಒಂದು ಪುಟ ತೆರೆದರೆ ಹೋಲುವ ಹಕ್ಕಿಗಳೆಲ್ಲ ಪಕ್ಕಪಕ್ಕ ಇರುತ್ತವೆ, ಗಂಡು, ಹೆಣ್ಣು, ಮರಿ ಒಂದೇ ಭಂಗಿಯಲ್ಲಿ. ವ್ಯತ್ಯಾಸ ಎಲ್ಲಿದೆ ಅನ್ನುವುದು ಕಣ್ಣಿಗೆ ತಾನಾಗಿ ಬೀಳುತ್ತದೆ. ಅದಕ್ಕೇ ಫೋಟೊ ಇರುವ ಪುಸ್ತಕಕ್ಕಿಂತ ಬಿಡಿಸಿದ ಚಿತ್ರ ಇರುವುದು ಗುರುತಿಸಲು ಉತ್ತಮ, ಫೋಟೊದಲ್ಲಿ ಒಂದೊಂದು ಹಕ್ಕಿ ಒಂದೊಂದು ಬೆಳಕಿನಲ್ಲಿರುತ್ತದೆ. ಭಾರತದಲ್ಲಿ 1300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ಅಷ್ಟನ್ನೂ ತುಂಬಿದ ದಪ್ಪ ಪುಸ್ತಕ ಹೊಸಬರಿಗೆ ಬೇಡ. ನಿಮ್ಮ ಭಾಗದ ಸಾಮಾನ್ಯ ಹಕ್ಕಿಗಳಷ್ಟೇ ಇರುವ ತೆಳ್ಳನೆಯ ಪುಸ್ತಕವನ್ನು ಕಿಟಕಿ ಹತ್ತಿರ ಇಟ್ಟುಕೊಂಡು, ಸುಮ್ನೆ ಕೂತಾಗಲೂ ತಿರುವಿ ಹಾಕಿ. ಹಕ್ಕಿ ಬರುವ ಮೊದಲೇ ಅದರ ಮುಖ ಪರಿಚಯ ಆಗಿರುತ್ತದೆ. ಆ್ಯಪ್ ಒಂದೇ ಸಾಕು ಅನ್ನುವವರೂ ಅದರ ಉತ್ತರ ನೋಡಿದ ಮೇಲೆ ಹೋಲುವ ಇನ್ನೊಂದು ಹಕ್ಕಿಯ ಪುಟ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಬರೆದಿಡುವುದು: ನೋಟ್‌ಬುಕ್ಕೋ ಇಬರ್ಡೋ

ನೋಟ್‌ಬುಕ್‌ನಲ್ಲಿ ಏನು ಬೇಕಾದರೂ ಬರೆಯಬಹುದು: ಸಿಂಪಿಗ ಯಾವ ಎಲೆ ಹೊಲಿಯಿತು, ಮಡಿವಾಳ ಯಾವ ತಿಂಗಳು ಹಾಡು ಶುರುಮಾಡಿತು. ಇಬರ್ಡ್ ಅಂದರೆ ಕಂಡ ಹಕ್ಕಿಗಳ ಪಟ್ಟಿ ಹಾಕಿಡಲು 2002ರಿಂದ ಇರುವ ಜಾಲತಾಣ, ಅಲ್ಲಿ ಹಾಕಿದ ಎಣಿಕೆ ನಿಮ್ಮ ಜೊತೆಗೆ ವಿಜ್ಞಾನಿಗಳಿಗೂ ಸಿಗುತ್ತದೆ. ಎರಡೂ ಒಟ್ಟಿಗೆ ಆಗುತ್ತದೆ, ಆದರೆ ಶುರುವಿಗೆ ನೋಟ್‌ಬುಕ್ ಸಾಕು. ಹೆಸರು ಗೊತ್ತಿಲ್ಲದ ಹಕ್ಕಿಯ ಗೀಚು ಚಿತ್ರ ಬರೆದು ಬಾಣ ಹಾಕಿ ಗುರುತು ಬರೆಯಲು ಕಾಗದದಷ್ಟು ಅನುಕೂಲ ಫೋನಿನಲ್ಲಿಲ್ಲ. ಕಾಣುವ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಹೆಸರು ಹೇಳಲು ಬಂದ ಮೇಲೆ ಇಬರ್ಡ್‌ಗೆ ಹೋಗಿ.

ಅದಕ್ಕೆ ಒಳ್ಳೆಯ ಸಮಯ ಫೆಬ್ರವರಿ. 1998ರಲ್ಲಿ ಶುರುವಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಆ ತಿಂಗಳಲ್ಲಿ ನಾಲ್ಕು ದಿನ ನಡೆಯುತ್ತದೆ, ಭಾರತದಿಂದ 2013ರಿಂದ ಜನ ಸೇರುತ್ತಿದ್ದಾರೆ. ಕನಿಷ್ಠ 15 ನಿಮಿಷ ಕೂತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇಬರ್ಡ್‌ಗೆ ಹಾಕುವುದು, ಕಾಗೆ ಪಾರಿವಾಳ ಬಿಡದೆ. ಒಂದೇ ಪಿಕಳಾರ ಹತ್ತು ಸಲ ಬಂದು ಹೋದರೆ ಹತ್ತು ಅಂತ ಬರೆಯಬೇಡಿ, ಒಂದೇ ಸಲಕ್ಕೆ ಒಟ್ಟಿಗೆ ಹೆಚ್ಚೆಂದರೆ ಎಷ್ಟು ಕಂಡವು ಅನ್ನುವುದನ್ನು ಬರೆಯಿರಿ. ಅಲ್ಲಿ ಹಾಕಿದ ಪಟ್ಟಿಗಳು ಎಲ್ಲರಿಗೂ ಕಾಣುತ್ತವೆ, ಆದ್ದರಿಂದ ಜಾಗದ ಹೆಸರು ಹಾಕುವಾಗ ಮನೆಯ ವಿಳಾಸ, ನಿಮ್ಮ ಹೆಸರು ಬರೆಯದೆ ಬಡಾವಣೆಯ ಹೆಸರು ಮಾತ್ರ ಕೊಡಿ. ಗೂಡು ಎಲ್ಲಿದೆ ಅನ್ನುವುದನ್ನಂತೂ ಮರಿ ಹಾರಿಹೋಗುವವರೆಗೆ ನಿಮ್ಮ ನೋಟ್‌ಬುಕ್‌ನಲ್ಲಷ್ಟೇ ಇಟ್ಟುಕೊಳ್ಳಿ.